ಖಾಲಿ ಬೆಂಚುಗಳಿಗೆ ಪಾಠ

ಏಳನೇ ತರಗತಿಯ ಮಕ್ಕಳು ವಿಜ್ಞಾನದ ಟೀಚರಿಗೆ ಇಟ್ಟಿದ್ದ ಹೆಸರು ‘ನಿಲ್ಸು ಟೀಚರ್’. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೂ ಅದು ಅವರ ಕಿವಿಗೆ ಬಿದ್ದಿತ್ತು. ಅವರು ಬೇಜಾರು ಮಾಡಿಕೊಂಡಿರಲಿಲ್ಲ. “ಇಷ್ಟು ವರ್ಷ ದುಡಿದಿದ್ದಕ್ಕೆ ಒಂದು ಹೆಸರಾದ್ರೂ ಬಂತಲ್ಲ” ಎಂದು ಸ್ಟಾಫ್ ರೂಮಿನಲ್ಲಿ ತಾವೇ ಹೇಳಿ ನಕ್ಕಿದ್ದರು.

ಜೋರಾಗಿ ಮಾತಾಡುವ ಹೆಂಗಸಲ್ಲ ಅವರು. ಮದುವೆಯಾಗಿ, ಮಗಳು ಹುಟ್ಟಿ, ಆ ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಓದಿ ಟೀಚರಾದವರು. ಹಾಗಾಗಿ ತಾನು ಎಲ್ಲರಿಗಿಂತ ತಡವಾಗಿ ಬಂದವಳು ಎಂಬ ಒಂದು ಸಂಕೋಚ ಮೊದಲಿನಿಂದಲೂ ಇತ್ತು. ಸಭೆಗಳಲ್ಲಿ ಬಾಗಿಲ ಪಕ್ಕದ ಕುರ್ಚಿಯೇ ಅವರದು. ಯಾರು ಏನೇ ಹೇಳಲಿ, ಪೂರ್ತಿ ಕೇಳಿಸಿಕೊಂಡು ತಲೆಯಾಡಿಸುವರು. ತರಗತಿಗೆ ಹೋಗುವ ಮುಂಚೆ ಹೊಸ್ತಿಲ ಹೊರಗೆ ಒಂದು ಗಳಿಗೆ ನಿಂತು ಕಣ್ಣು ಮುಚ್ಚುವುದು ಅವರ ರೂಢಿ. ದೇವರಲ್ಲಿ ಅವರು ಬೇಡುತ್ತಿದ್ದುದು ದೊಡ್ಡದೇನಲ್ಲ. ಇವತ್ತು ಯಾವ ಮಗುವಿನ ಮಾತೂ ನನ್ನ ಕಿವಿ ತಪ್ಪದಿರಲಿ, ಅಷ್ಟೇ.

ಇಂಥವರು ಇಡೀ ಶಾಲೆಗೆ ಎದುರಾಗಿ ನಿಂತರು ಎಂದರೆ ಅವರನ್ನು ಬಲ್ಲವರು ನಂಬುವುದು ಕಷ್ಟ.

ಪರದೆಗಳು ಬಂದದ್ದು ಒಂದು ಬೇಸಿಗೆ ರಜೆಯಲ್ಲಿ. ರಜೆ ಮುಗಿಸಿ ಬಂದು ನೋಡಿದರೆ, ಪ್ರತಿ ಕೋಣೆಯಲ್ಲೂ ಕರಿಹಲಗೆ ಇದ್ದ ಜಾಗದಲ್ಲಿ ಗೋಡೆಯ ಅರ್ಧವನ್ನು ನುಂಗಿದ ಹೊಳೆಯುವ ಪರದೆ. ಪಾಠಗಳೆಲ್ಲ ಅದರೊಳಗೇ ತಯಾರಾಗಿ ಕೂತಿದ್ದವು. ಗುಂಡಿ ಒತ್ತಿದರೆ ಬಣ್ಣಬಣ್ಣದ ಚಿತ್ರ ಓಡುತ್ತದೆ, ಹಿಂದೆ ಒಬ್ಬ ಹೆಂಗಸಿನ ಇಂಪಾದ ದನಿ ವಿವರಿಸುತ್ತದೆ. ಮಕ್ಕಳು ಆ ದನಿಗೆ ‘ಪರದೆ ಅಕ್ಕ’ ಎಂದು ಹೆಸರಿಟ್ಟರು. ಪಾಠದ ಮಧ್ಯೆ ಮಧ್ಯೆ ಪರದೆ ಅಕ್ಕ “ಮಕ್ಕಳೇ, ಅರ್ಥವಾಯಿತೇ?” ಎಂದು ಕೇಳುವಳು. ಉಸಿರು ತೆಗೆದು ಬಿಡುವಷ್ಟು ಹೊತ್ತು ಸುಮ್ಮನಿರುವಳು. ಆಮೇಲೆ ತಾನೇ “ತುಂಬಾ ಒಳ್ಳೆಯದು!” ಎನ್ನುವಳು.

ಪರದೆ ತರಿಸಿದವರು ಆಡಳಿತ ಮಂಡಳಿಯ ಕಾರ್ಯದರ್ಶಿ. ನಡುವಯಸ್ಸಿನ ಚುರುಕಿನ ಹೆಂಗಸು. ಈ ಪರದೆಗಳಿಗಾಗಿ ಆಕೆ ಹತ್ತದ ಮೆಟ್ಟಿಲಿಲ್ಲ, ಕಾಣದ ಜನರಿಲ್ಲ. ನಮ್ಮ ಮಕ್ಕಳು ಯಾರಿಗೂ ಕಡಿಮೆಯಾಗಬಾರದು ಎಂಬ ಹಟ ಆಕೆಯದು, ಅದು ಸುಳ್ಳು ಹಟವೂ ಅಲ್ಲ. ಹೆಡ್‌ಮೇಷ್ಟ್ರ ಕೋಣೆಯ ಗೋಡೆಯ ಮೇಲೆ ಇನ್ನೊಂದು ಚಿಕ್ಕ ಪರದೆಯನ್ನೂ ಆಕೆ ಹಾಕಿಸಿದ್ದರು. ಅದರಲ್ಲಿ ಟೀಚರುಗಳದು ಒಬ್ಬೊಬ್ಬರದು ಒಂದೊಂದು ಸಾಲು, ಪಾಠಕ್ಕೊಂದು ಚೌಕ. ಪಾಠ ಮೊದಲಿಂದ ಕೊನೆಯವರೆಗೆ ಎಲ್ಲೂ ನಿಲ್ಲದೆ ಓಡಿದರೆ ಚೌಕ ಹಸಿರು. ನಡುವೆ ನಿಲ್ಲಿಸಿದರೆ ಅಥವಾ ಹಿಂದಕ್ಕೆ ಓಡಿಸಿದರೆ ಆ ಪಾಠ ಮುಗಿದಿಲ್ಲವೆಂದು ಲೆಕ್ಕ, ಚೌಕ ಕೆಂಪು.

ನಿಲ್ಸು ಟೀಚರ ಸಾಲು ಮೊದಲ ವಾರದಿಂದಲೇ ಕೆಂಪು.

ಪರದೆಯನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ ಎಂದಲ್ಲ. ಹೃದಯ ಬಡಿಯುವುದನ್ನು ಮಕ್ಕಳ ಕಣ್ಣೆದುರು ತೋರಿಸಬಹುದು ಎಂದು ಗೊತ್ತಾದ ದಿನ ಅವರಿಗೆ ಮೈ ಜುಮ್ಮೆಂದಿತ್ತು. ಕರಿಹಲಗೆಯ ಮೇಲೆ ಅವರು ಬರೆಯುತ್ತಿದ್ದ ಹೃದಯ ವರ್ಷ ವರ್ಷವೂ ಬದನೆಕಾಯಿಯ ಹಾಗೇ ಬರುತ್ತಿತ್ತು. ಆದರೆ ಆ ಚಿತ್ರವನ್ನು ತೋರಿಸುವ ಬಗೆಯನ್ನು ಅವರು ಕಲಿತದ್ದು ತಮ್ಮ ಮನೆಯಲ್ಲಿ, ಅತ್ತೆಯಿಂದ.

ಅತ್ತೆಗೆ ಕಿವಿ ಮಂದ. ಸಂಜೆ ಟಿವಿ ಮುಂದೆ ಧಾರಾವಾಹಿ ನೋಡಲು ಕೂತರೆ ರಿಮೋಟು ಅವರ ಮಡಿಲಲ್ಲೇ ಇರಬೇಕು. “ನಿಲ್ಸೇ, ನಿಲ್ಸೇ, ಏನಂದ್ಲು ಅವಳು?” ಎಂದು ಸೊಸೆಯನ್ನು ಕೇಳುತ್ತಾ, ಗುಂಡಿ ತಾವೇ ಒತ್ತುವರು. ಬರಬರುತ್ತಾ ಕೇಳಿಸದ್ದಕ್ಕಲ್ಲ, ಮುಂದಿನದನ್ನು ಹೇಳುವುದಕ್ಕೇ ನಿಲ್ಲಿಸತೊಡಗಿದರು. “ಬರೆದಿಟ್ಕೋ. ಆ ವಕೀಲ ಇವಳ ಕಳೆದುಹೋದ ಅಣ್ಣಾನೇ.” ಮತ್ತೆ ಓಡಿಸಿದರೆ ಅವನು ಅಣ್ಣನೂ ಅಲ್ಲ, ತಮ್ಮನೂ ಅಲ್ಲ, ವಕೀಲನೂ ಅಲ್ಲ. “ಥೂ, ನನ್ನ ಲೆಕ್ಕ ಕೆಡಿಸಿದ್ನಲ್ಲ!” ಎಂದು ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ವಾಲಿ, ಕಣ್ಣು ಮಿಟುಕಿಸದೆ ನೋಡುವರು. ಸುಮ್ಮನೆ ನೋಡುವಾಗ ತೂಕಡಿಸುತ್ತಿದ್ದ ಮುದುಕಿ, ಊಹೆ ತಪ್ಪಿದ ಮೇಲೆ ಎಷ್ಟು ಎಚ್ಚರವಾಗುತ್ತಾರೆ ಎಂಬುದನ್ನು ಸೊಸೆ ತರಕಾರಿ ಹೆಚ್ಚುತ್ತಾ ಗಮನಿಸಿದ್ದರು.

ಅದನ್ನೇ ತರಗತಿಗೆ ತಂದರು. ಮೈಯೆಲ್ಲ ಸುತ್ತಿ ಬಂದ ಕಪ್ಪುಗೆಂಪು ರಕ್ತ ಹೃದಯದ ಬಲಗಡೆಯ ಕೋಣೆಗೆ ಇಳಿಯುತ್ತದೆ. ಅಲ್ಲಿಗೆ ಟೀಚರ್ ಗುಂಡಿ ಒತ್ತಿ ಚಿತ್ರ ನಿಲ್ಲಿಸುವರು. “ಈಗ ಇದು ಎಲ್ಲಿಗೆ ಹೋಗತ್ತೆ? ಹೇಳಿದ ಮೇಲೇ ಮುಂದೆ.” ತರಗತಿಯೊಳಗೆ ಸಂತೆಯ ಗದ್ದಲ. ಪರೀಕ್ಷೆಗೆಂದು ಕೊಟ್ಟಿದ್ದ ಟ್ಯಾಬುಗಳನ್ನು ಕೈಗೆ ತೆಗೆದುಕೊಂಡು, ತಾವು ಏನೆಂದುಕೊಂಡೆವು, ಯಾಕೆ ಹಾಗೆಂದುಕೊಂಡೆವು ಎಂದು ಮಕ್ಕಳು ತಮ್ಮ ಮುಖ ಹಿಡಿದು ರೆಕಾರ್ಡ್ ಮಾಡಿಕೊಳ್ಳುವರು. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಳು. ಆ ವರ್ಷ ತರಗತಿಯಲ್ಲಿ ಯಾರೂ ಅವಳ ದನಿ ಕೇಳಿರಲಿಲ್ಲ. ಅವಳೂ ಗೋಡೆಗೆ ಮುಖ ಮಾಡಿ ಟ್ಯಾಬಿಗೆ ಏನೋ ಪಿಸುಗುಟ್ಟುವಳು, ಆದರೆ ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಆಮೇಲೆ ಚಿತ್ರ ಮುಂದೆ ಓಡಿಸಿದರೆ, ರಕ್ತ ಯಾರೂ ಹೇಳದ ಕಡೆ ತಿರುಗಿ ಶ್ವಾಸಕೋಶಕ್ಕೆ ಹೋಗಿಬಿಡುವುದು. “ಅಯ್ಯೋ!” ಎಂದು ಇಡೀ ತರಗತಿ. ಆಗ ಅವರವರ ಮುಖಗಳನ್ನೇ ದೊಡ್ಡ ಪರದೆಯ ಮೇಲೆ ಹಾಕುವುದು. ಮಕ್ಕಳು ಇದಕ್ಕೆ ‘ತಪ್ಪಿನ ಸಿನಿಮಾ’ ಎನ್ನುತ್ತಿದ್ದರು. ಈಗ ತಾನೇ ಅಷ್ಟು ಧೈರ್ಯವಾಗಿ ತಪ್ಪು ಹೇಳಿದ ತಮ್ಮ ಮುಖ ನೋಡಿಕೊಂಡು ಹೊಟ್ಟೆ ಹಿಡಿದು ನಗುವರು. ಒಮ್ಮೆ ಹಾಗೆ ನಕ್ಕ ಪಾಠವನ್ನು ಮರೆಯುತ್ತಿರಲಿಲ್ಲ.

“ಟೀಚರ್, ಅದು ಶ್ವಾಸಕೋಶಕ್ಕೇ ಹೋಗೋದಾದ್ರೆ ನೆಟ್ಟಗೆ ಅಲ್ಲಿಗೇ ಹೋಗ್ಬಹುದಿತ್ತಲ್ಲ? ಹೃದಯಕ್ಕೆ ಯಾಕೆ ಬರ್ಬೇಕು?” ಎಂದು ಒಬ್ಬ ಕೇಳಿದ.

ಪರದೆ ಅಕ್ಕನಿಗೆ ಆ ಪ್ರಶ್ನೆ ಕೇಳಿಸಲೇ ಇಲ್ಲ. ಅವಳು ಆಗಲೇ ಮುಂದಿನ ಚಿತ್ರಕ್ಕೆ ಹೋಗಲು ತಯಾರಾಗಿದ್ದಳು. ಟೀಚರ್ ಅವಳನ್ನು ಮತ್ತೆ ನಿಲ್ಲಿಸಿದರು. ಮೈ ಸುತ್ತಿ ಸುಸ್ತಾಗಿ ಬಂದಿದೆ, ಇನ್ನೊಂದು ಸಲ ನೂಕುವವರು ಬೇಕು ಎಂಬಲ್ಲಿಗೆ ಮಕ್ಕಳೇ ಬಂದು ಮುಟ್ಟುವ ಹೊತ್ತಿಗೆ ಗಂಟೆ ಬಾರಿಸಿತು. ಗೋಡೆಯ ಮೇಲೆ ಇನ್ನೊಂದು ಚೌಕ ಕೆಂಪಾಯಿತು.

ಹಾಗಾದರೆ ಬೇರೆಯವರ ಸಾಲು ಹಸಿರಾಗುತ್ತಿದ್ದುದು ಹೇಗೆ? ಅವರ ಮಕ್ಕಳು ಪ್ರಶ್ನೆ ಕೇಳುತ್ತಿರಲಿಲ್ಲವೇ? ಕೇಳುತ್ತಿದ್ದರು, ಅವರೂ ನಿಲ್ಲಿಸುತ್ತಿದ್ದರು. ಆದರೆ ಶನಿವಾರ ಮಧ್ಯಾಹ್ನ ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಆ ಶಾಲೆಯಲ್ಲಿ ಬೇರೆ ಎಲ್ಲೂ ಇಲ್ಲದ ಒಂದು ಕೆಲಸ ನಡೆಯುತ್ತಿತ್ತು. ಖಾಲಿ ಕೋಣೆಯಲ್ಲಿ ಪರದೆ ಹಾಕಿ, ವಾರದಲ್ಲಿ ಕೆಂಪಾದ ಪಾಠಗಳನ್ನು ಖಾಲಿ ಬೆಂಚುಗಳಿಗೆ ಮೊದಲಿಂದ ಕೊನೆಯವರೆಗೆ ಓಡಿಸುವುದು. ಅದಕ್ಕೆ ‘ಹಸಿರು ಮಾಡೋದು’ ಎನ್ನುತ್ತಿದ್ದರು. ಇದರಲ್ಲಿ ಪಳಗಿದವರು ಗಣಿತದ ಮೇಷ್ಟ್ರು. ಮೂರು ಕೋಣೆಗಳಲ್ಲಿ ಒಟ್ಟಿಗೇ ಪಾಠ ಹಚ್ಚಿ, ಮೂರು ಒಲೆಯ ಮೇಲೆ ಹಾಲಿಟ್ಟವರ ಹಾಗೆ ಅಲ್ಲಿಂದಿಲ್ಲಿಗೆ ಓಡಾಡುವರು. ಒಂದು ಶನಿವಾರ ಅವರು ಟೀ ಕುಡಿಯಲು ಹೋಗಿದ್ದಾಗ ಕಸ ಗುಡಿಸುವ ಆಯಾ ಒಳಗೆ ಬಂದಿದ್ದಾಳೆ. ಪರದೆ ಅಕ್ಕ “ಅರ್ಥವಾಯಿತೇ?” ಎಂದದ್ದಕ್ಕೆ ಪೊರಕೆ ಹಿಡಿದೇ ನಿಂತು, “ಇಲ್ಲ ಕಣಮ್ಮ, ನಾನು ಈಗ ತಾನೇ ಬಂದೆ” ಎಂದಿದ್ದಾಳೆ. ಆ ಕಥೆ ಹೇಳಿಕೊಂಡು ಸ್ಟಾಫ್ ರೂಮು ಒಂದು ತಿಂಗಳು ನಕ್ಕಿತು. ನಿಲ್ಸು ಟೀಚರೂ ನಕ್ಕರು. ಮನೆಗೆ ಹೋಗುವ ದಾರಿಯಲ್ಲಿ ಮಾತ್ರ ನಗು ಬರಲಿಲ್ಲ.

“ಏನ್ ಟೀಚರ್, ನಿಮ್ಮ ಹೊಲದಲ್ಲಿ ಇನ್ನೂ ಹಸಿರೇ ಕಾಣ್ತಿಲ್ವಲ್ಲ?” ಎಂದು ಗಣಿತದ ಮೇಷ್ಟ್ರು ರೇಗಿಸುವರು. “ನನ್ನ ಕೈಗೆ ಕೊಡಿ. ಒಂದೇ ಶನಿವಾರ ಸಾಕು.”

“ಬೆಂಚಿಗೆ ಪಾಠ ಹೇಳೋಕೆ ನಂಗೆ ಬರಲ್ಲ ಮೇಷ್ಟ್ರೇ.”

“ಬೆಂಚು ತಿರುಗಿ ಮಾತಾಡಲ್ಲ, ಅಷ್ಟಾದ್ರೂ ನೆಮ್ಮದಿ ನೋಡಿ.”

ಅರ್ಧ ವರ್ಷ ಮುಗಿಯುವ ಹೊತ್ತಿಗೆ ಹೆಡ್‌ಮೇಷ್ಟ್ರು ಅವರನ್ನು ಕರೆಸಿದರು. ಹೆಡ್‌ಮೇಷ್ಟ್ರು ಇತಿಹಾಸದವರು. ಯಾರ ಮನಸ್ಸನ್ನೂ ನೋಯಿಸಲಾರದ, ಯಾರ ಮಾತನ್ನೂ ಮೀರಲಾರದ ಮನುಷ್ಯ. ಮೇಜಿನ ಮೇಲಿದ್ದ ಪೇಪರ್‌ವೆಯ್ಟನ್ನು ತಿರುಗಿಸುತ್ತಾ ಹೇಳಿದರು: “ಸೋಮವಾರ ಕಾರ್ಯದರ್ಶಿ ಮೇಡಂ ಬರ್ತಾರೆ. ಕೆಂಪು ಜಾಸ್ತಿ ಇರೋರನ್ನ ಕ್ಲಾಸಿಂದ ತೆಗೆದು ಆಫೀಸಿಗೆ ಹಾಕ್ಬೇಕು ಅಂತಿದ್ದಾರೆ. ಪಾಠ ಹೆಂಗೂ ಪರದೇಲಿದೆ, ಸ್ವಿಚ್ ಹಾಕೋಕೆ ಯಾರಾದ್ರೂ ಒಬ್ರಿದ್ರೆ ಸಾಕಂತೆ.”

ಟೀಚರ್ ಗೋಡೆಯ ಮೇಲಿನ ಚೌಕಗಳ ಕಡೆ ನೋಡಿದರು. “ಕೆಂಪು ಜಾಸ್ತಿ ಇರೋರು ಅಂದ್ರೆ ನಾನೊಬ್ಳೇ ಸರ್.”

“ಅದಕ್ಕೇ ಹೇಳ್ತಿರೋದು ತಾಯಿ. ಇವತ್ತು ಶನಿವಾರ. ಬಾಗಿಲು ಹಾಕ್ಕೊಂಡು ಕೂತ್ಕೊಳ್ಳಿ. ಯಾರಿಗೂ ನಷ್ಟ ಇಲ್ಲ. ಮಕ್ಕಳಿಗೆ ನೀವು ಬೇಕು ತಾನೇ?”

ಅವರನ್ನು ಕಟ್ಟಿಹಾಕಿದ್ದು ಆ ಕೊನೆಯ ಮಾತು. ಏಳನೇ ತರಗತಿ ಕೈತಪ್ಪಿದರೆ ಅವರಿಗೆ ಉಳಿಯುವುದು ಆಫೀಸಿನ ಒಂದು ಕುರ್ಚಿ, ಮಕ್ಕಳಿಗೆ ಉಳಿಯುವುದು ಯಾರೂ ನಿಲ್ಲಿಸದ ಒಂದು ಪರದೆ. ಒಂದು ಮಧ್ಯಾಹ್ನದ ಸುಳ್ಳಿಗೆ ಇಷ್ಟೆಲ್ಲ ಉಳಿಯುವುದಾದರೆ ಹೇಳಿಬಿಟ್ಟರೇನು? ಹಾಗೆಂದುಕೊಂಡೇ ಅವರು ತರಗತಿಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂದು ಹೊಸ್ತಿಲ ಹೊರಗೆ ಕಣ್ಣು ಮುಚ್ಚಲಿಲ್ಲ. ಏನೆಂದು ಬೇಡುವುದೆಂದು ತಿಳಿಯಲಿಲ್ಲ.

ಹೃದಯದ ಪಾಠ ಹಚ್ಚಿದರು. ಬೆಂಚುಗಳ ಮೇಲೆ ಬಿಸಿಲು ಬಿದ್ದಿತ್ತು. ಯಾರೋ ಬಿಟ್ಟುಹೋದ ರಬ್ಬರು, ಬೆಂಚಿನ ಕೆಳಗೆ ಪೆನ್ಸಿಲ್ ಚೂರು. ಪರದೆಯ ಮೇಲೆ ಹೃದಯ ದೊಡ್ಡದಾಗಿ ಬಡಿಯಿತು. ರಕ್ತ ಬಲಗಡೆಯ ಕೋಣೆಗೆ ಇಳಿಯಿತು. ಟೀಚರ ಬೆರಳು ತಾನಾಗಿ ಗುಂಡಿಯ ಕಡೆ ಹೋಯಿತು. ಅವರು ಅದನ್ನು ಹಿಂದಕ್ಕೆಳೆದು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

“ಮಕ್ಕಳೇ, ಅರ್ಥವಾಯಿತೇ?”

ಟೀಚರ್ ಖಾಲಿ ಬೆಂಚುಗಳ ಕಡೆ ನೋಡಿದರು.

“ತುಂಬಾ ಒಳ್ಳೆಯದು!”

ಟೀಚರ್ ಹಿಡಿದಿದ್ದ ಬೆರಳನ್ನು ಬಿಟ್ಟರು. ಗುಂಡಿ ಒತ್ತಿ ನಿಲ್ಲಿಸಿದರು. ಅಷ್ಟು ಸಾಲದೆಂದು ಗೋಡೆಯ ಸ್ವಿಚ್ಚನ್ನೂ ಆರಿಸಿದರು. ಬಾಗಿಲು ತೆರೆದಾಗ ಮೂರು ಕೋಣೆ ಸುತ್ತುತ್ತಿದ್ದ ಗಣಿತದ ಮೇಷ್ಟ್ರು ಎದುರಾದರು.

“ಆಗ್ಲೇ ಮುಗೀತಾ?”

“ಮುಗೀತು ಮೇಷ್ಟ್ರೇ” ಎಂದು ಟೀಚರ್ ಚೀಲ ಹೆಗಲಿಗೇರಿಸಿದರು. “ನನ್ನ ಕೈಲಿ ಆಗಲ್ಲ ಅನ್ನೋದು ಗೊತ್ತಾಯ್ತು.”

ಸೋಮವಾರ ಸಭೆಯಲ್ಲಿ ಅವರು ಅದೇ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ಕಾರ್ಯದರ್ಶಿ ಸುತ್ತಿ ಬಳಸಿ ಮಾತಾಡುವವರಲ್ಲ.

“ನಾಲ್ಕು ಮಾತಿಗೊಂದು ಸಲ ನಿಲ್ಸಿದ್ರೆ ಪಾಠ ಮುಗಿಯೋದು ಯಾವಾಗ ಟೀಚರ್?”

“ಮುಗಿಯತ್ತೆ ಮೇಡಂ. ಮಕ್ಕಳಿಗೆ ಮುಗಿದಾಗ ಮುಗಿಯತ್ತೆ.”

“ಬೇರೆಯವರೆಲ್ಲ ಮುಗಿಸಿದ್ದಾರಲ್ಲ? ಅವರ ಕ್ಲಾಸಲ್ಲಿ ಮಕ್ಕಳಿಲ್ವಾ?”

ಗಣಿತದ ಮೇಷ್ಟ್ರು ಕಿಟಕಿಯಾಚೆ ಮರವನ್ನು ಮೊದಲ ಸಲ ಕಂಡವರಂತೆ ನೋಡತೊಡಗಿದರು. ಶನಿವಾರದ ಗುಟ್ಟು ಟೀಚರ ನಾಲಿಗೆಯ ತುದಿಯಲ್ಲೇ ಇತ್ತು. ಆಡಿದ್ದರೆ ಅಲ್ಲೇ ಗೆಲ್ಲಬಹುದಿತ್ತು. ಆದರೆ ಅಲ್ಲಿ ಕೂತವರಲ್ಲಿ ಕಳ್ಳರು ಯಾರೂ ಇರಲಿಲ್ಲ. ಕೆಂಪಿಗೆ ಹೆದರಿದವರು ಇದ್ದರು.

“ಬೇರೆಯವರ ವಿಷಯ ನನ್ನನ್ನ ಕೇಳ್ಬೇಡಿ ಮೇಡಂ. ನನ್ನದು ಕೇಳಿ. ನನ್ನದು ಕೆಂಪು. ನಾಳೇನೂ ಕೆಂಪೇ ಇರತ್ತೆ.”

ಕಾರ್ಯದರ್ಶಿ ಕನ್ನಡಕ ತೆಗೆದು ಅವರನ್ನು ನೋಡಿದರು. “ನಡೀರಿ, ನಾನೇ ಹಚ್ತೀನಿ. ನಿಲ್ಲಿಸದೆ ಓಡಿದ್ರೆ ಮಕ್ಕಳಿಗೇನು ಕಡಿಮೆಯಾಗತ್ತೆ ಅಂತ ನೋಡೇಬಿಡೋಣ.”

ಎಲ್ಲರೂ ಏಳನೇ ತರಗತಿಗೆ ಹೋದರು. ಕಾರ್ಯದರ್ಶಿ ಉಸಿರಾಟದ ಪಾಠ ಹಚ್ಚಿ, ಗುಂಡಿಗೆ ಅಡ್ಡವಾಗಿ ನಿಂತರು. ಟೀಚರ್ ಗೋಡೆಗೊರಗಿ ಕೈಕಟ್ಟಿ ನಿಂತರು. ಗಾಳಿ ಮೂಗಿನೊಳಗೆ ಹೊಕ್ಕಿತು, ಗಂಟಲಿಗಿಳಿಯಿತು, ಕವಲೊಡೆಯಿತು. ಮಕ್ಕಳು ಬೆಂಚಿನ ತುದಿಗೆ ಬಂದು ಟೀಚರ ಕಡೆಗೊಮ್ಮೆ, ಪರದೆಯ ಕಡೆಗೊಮ್ಮೆ ನೋಡಿದರು. ಒಂದೆರಡು ಕೈ ಮೇಲೆದ್ದು, ಯಾರೂ ಕೇಳದೆ ಕೆಳಗಿಳಿದವು. ಗಾಳಿ ಆಗಲೇ ಮುಂದಿನ ಚಿತ್ರಕ್ಕೆ ಹೋಗಿತ್ತು.

“ಮಕ್ಕಳೇ, ಅರ್ಥವಾಯಿತೇ?” ಎಂದಳು ಪರದೆ ಅಕ್ಕ.

“ಇಲ್ಲ” ಎಂದಿತು ಹಿಂದಿನ ಬೆಂಚಿನಿಂದ ಒಂದು ಸಣ್ಣ ದನಿ. ಗೋಡೆಗೆ ಮುಖ ಮಾಡಿ ಪಿಸುಗುಟ್ಟುತ್ತಿದ್ದ ಆ ಹುಡುಗಿ.

“ತುಂಬಾ ಒಳ್ಳೆಯದು!” ಎಂದಳು ಪರದೆ ಅಕ್ಕ.

ಯಾರೋ ಫಕ್ಕನೆ ನಕ್ಕರು, ಬೆಂಚು ಬೆಂಚೂ ನಕ್ಕಿತು. ಗಣಿತದ ಮೇಷ್ಟ್ರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಕಾರ್ಯದರ್ಶಿಯ ಮುಖ ಕೆಂಪಾಯಿತು. ಆ ಪರದೆಗಾಗಿ ಮೆಟ್ಟಿಲು ಹತ್ತಿ ಇಳಿದ ಕಾಲು ಅವರವು. ನಗು ಅವರಿಗೆ ಎಲ್ಲಿ ತಾಗಿತೆಂದು ಟೀಚರಿಗೆ ಗೊತ್ತಾಯಿತು. “ಸಾಕು, ಸುಮ್ನಿರಿ” ಎಂದು ಮಕ್ಕಳನ್ನು ಗದರಿದರು.

ಹೊರಗೆ ಕಾರಿಡಾರಿನಲ್ಲಿ ಕಾರ್ಯದರ್ಶಿ ಹೇಳಿದರು: “ಮಕ್ಕಳಿಗೆ ಇದನ್ನೇ ಕಲಿಸಿರೋದು ನೀವು. ನಾಳೆಯಿಂದ ಆಫೀಸಿಗೆ ಬನ್ನಿ.”

“ನಾಳೆ ಮೊದಲನೇ ಪೀರಿಯಡ್ ನಾನು ಏಳನೇ ಕ್ಲಾಸಲ್ಲಿರ್ತೀನಿ ಮೇಡಂ” ಎಂದರು ಟೀಚರ್. ದನಿ ಏರಿರಲಿಲ್ಲ. “ಆ ಪರದೆ ನೀವು ತಂದಿದ್ದು ಒಳ್ಳೇದಕ್ಕೇ. ನಂಗೂ ಅದು ಬೇಕು. ಆದ್ರೆ ಮಕ್ಕಳು ಮಾತಾಡುವಾಗ ಸುಮ್ನಿರು ಅಂತ ಅದಕ್ಕೆ ಹೇಳೋರೊಬ್ರು ಬೇಕಲ್ಲ. ನನ್ನನ್ನ ತೆಗೀಬೇಕು ಅಂದ್ರೆ ಅಲ್ಲಿಗೇ ಬನ್ನಿ. ಮಕ್ಕಳ ಮುಂದೆ ಯಾಕೆ ಅಂತ ಹೇಳಿ ತೆಗೀರಿ.”

ಮನೆಯಲ್ಲಿ ಅಂದು ಟಿವಿ ಹಚ್ಚಲಿಲ್ಲ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಕೇಳಿಸದ ಕಡೆ ಎರಡೆರಡು ಸಲ ಹೇಳಿಸಿಕೊಂಡರು.

“ತೆಗೆದೇಬಿಟ್ರೆ?”

“ತೆಗೀಲಿ ಅತ್ತೆ.”

“ಆಫೀಸಲ್ಲಿ ಫ್ಯಾನ್ ಇರತ್ತಲ್ಲ.”

“ಅತ್ತೆ!”

“ತಮಾಷೆ ಕಣೇ. ಹೆದರ್ಕೊಂಡು ಕೂತಿದ್ದೀಯ, ನಗ್ಲಿ ಅಂತ” ಎಂದು ಅತ್ತೆ ಸೊಸೆಯ ಮೊಣಕಾಲು ತಟ್ಟಿದರು. “ಹೆದರಿದ್ರೂ ಪರವಾಗಿಲ್ಲ. ಹೋಗೋದು ಮಾತ್ರ ಹೋಗು.”

ಮರುದಿನ ಟೀಚರ್ ಹೊಸ್ತಿಲ ಹೊರಗೆ ಕಣ್ಣು ಮುಚ್ಚಿದರು. ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತರು. ಒಳಗೆ ಹೋಗಿ, ಮಕ್ಕಳೊಂದಿಗೆ ಅರ್ಧಕ್ಕೆ ನಿಂತಿದ್ದ ಹೃದಯದ ಪಾಠವನ್ನು ಬಿಟ್ಟ ಕಡೆಯಿಂದ ಹಚ್ಚಿದರು. ಶ್ವಾಸಕೋಶದಲ್ಲಿ ಶುದ್ಧವಾದ ರಕ್ತ ಹೃದಯದ ಎಡಗಡೆಗೆ ಬಂದು ಇಳಿದಿದೆ. ಚಿತ್ರ ನಿಲ್ಲಿಸಿ ಎಂದಿನಂತೆ “ಈಗ ಎಲ್ಲಿಗೆ?” ಎಂದು ಕೇಳುವಷ್ಟರಲ್ಲಿ ಬಾಗಿಲಲ್ಲಿ ಹೆಡ್‌ಮೇಷ್ಟ್ರು ಬಂದು ನಿಂತರು. ಅವರು ಯಾವ ಕೆಲಸಕ್ಕೆ ಬಂದಿದ್ದಾರೆಂದು ಮುಖವೇ ಹೇಳುತ್ತಿತ್ತು.

“ಟೀಚರ್, ಒಂದು ನಿಮಿಷ ಹೊರಗೆ...”

“ಪಾಠ ನಡೀತಿದೆ ಸರ್. ಹೇಳೋದಿದ್ರೆ ಇಲ್ಲೇ ಹೇಳಿ. ಇಲ್ಲಾಂದ್ರೆ ಕೂತ್ಕೊಳ್ಳಿ, ಮುಗಿದ ಮೇಲೆ ಮಾತಾಡೋಣ.”

ಹೆಡ್‌ಮೇಷ್ಟ್ರು ಮಕ್ಕಳ ಮುಖಗಳನ್ನು ನೋಡಿದರು. ಹೋಗಿ ಹಿಂದಿನ ಬೆಂಚಿನ ತುದಿಯಲ್ಲಿ, ಆ ಹುಡುಗಿಯ ಪಕ್ಕ ಮೊಣಕಾಲು ಮಡಚಿ ಕೂತರು. ಪಾಠ ಮುಂದುವರಿಯಿತು. ರಕ್ತ ಮೆದುಳಿಗೆ ಹೋಗುತ್ತದೆ ಎಂದು ಕೆಲವರು, ಹೊಟ್ಟೆಗೆ ಎಂದು ಕೆಲವರು ಜಗಳಕ್ಕಿಳಿದರು. ಹೆಡ್‌ಮೇಷ್ಟ್ರು ಮೊದಮೊದಲು ನೆಲ ನೋಡುತ್ತಿದ್ದರು. ಆಮೇಲೆ ಪರದೆ ನೋಡಿದರು. ಆಮೇಲೆ, ತಮಗೇ ತಿಳಿಯದೆ, ಕೈಯೆತ್ತಿದರು.

“ವಾಪಸ್ ಶ್ವಾಸಕೋಶಕ್ಕೇ ಹೋಗತ್ತಾ?”

“ಅಯ್ಯೋ ಸರ್, ಈಗ ತಾನೇ ಅಲ್ಲಿಂದ ಬಂತಲ್ಲ!” ಎಂದು ಮುಂದಿನ ಬೆಂಚಿನವರು ತಲೆ ಚಚ್ಚಿಕೊಂಡರು. ಪಕ್ಕದ ಹುಡುಗಿ ಟ್ಯಾಬನ್ನು ಅವರ ಮುಂದೆ ಹಿಡಿದಳು. ಹೆಡ್‌ಮೇಷ್ಟ್ರು ಗಂಟಲು ಸರಿಪಡಿಸಿಕೊಂಡು, ತಮ್ಮ ತಪ್ಪನ್ನು ಕಾರಣ ಸಮೇತ ಅದಕ್ಕೆ ಹೇಳಿದರು. ಚಿತ್ರ ಓಡಿತು. ರಕ್ತ ಎಡಗಡೆಯಿಂದ ಚಿಮ್ಮಿ ತಲೆಗೆ, ಹೊಟ್ಟೆಗೆ, ಬೆರಳ ತುದಿಗೆ, ಎಲ್ಲ ಕಡೆಗೂ ಹೊರಟಾಗ ಅವರು “ಓಹೋ!” ಎಂದದ್ದು ಪಕ್ಕದ ಕೋಣೆಗೂ ಕೇಳಿಸಿತು.

ಪೀರಿಯಡ್ ಮುಗಿದ ಮೇಲೆ ಹೆಡ್‌ಮೇಷ್ಟ್ರು ನೆಟ್ಟಗೆ ಆಫೀಸಿಗೆ ಹೋಗಿ ಫೋನೆತ್ತಿದರು. ಆಗ ಅಲ್ಲೇ ಇದ್ದ ಗಣಿತದ ಮೇಷ್ಟ್ರು ಆಮೇಲೆ ಅದನ್ನು ದನಿ ಸಮೇತ ಅಭಿನಯಿಸಿ ತೋರಿಸಿದರು: “‘ಮೇಡಂ, ಏಳನೇ ಕ್ಲಾಸಿಗೆ ಟೀಚರ್ ಇದ್ದಾರೆ... ಇಲ್ಲ ಮೇಡಂ, ಬದಲಾಯಿಸೋಕೆ ನನ್ನಿಂದಾಗಲ್ಲ... ಟೈಮ್‌ಟೇಬಲ್ ಹಾಕೋದು ನಾನು... ಹೌದು, ಹೊಣೆ ಅಂತ ನನ್ನ ಹೆಸರೇ ಬರ್ಕೊಳ್ಳಿ.’ ಯಾರ ಮಾತನ್ನೂ ಮೀರದೋರು ಅಂತಿದ್ವಲ್ಲ! ಆದ್ರೂ ಫೋನ್ ಇಡ್ಲಿಲ್ಲ ನೋಡಿ ಮನುಷ್ಯ.”

ಕಾರ್ಯದರ್ಶಿಯ ಕಡೆಯಿಂದ ಹೌದೆಂದೂ ಬರಲಿಲ್ಲ, ಇಲ್ಲವೆಂದೂ ಬರಲಿಲ್ಲ. ಏಳನೇ ತರಗತಿ ಟೀಚರದೇ ಆಗಿ ಉಳಿಯಿತು. ಆಫೀಸಿನ ಗೋಡೆಯ ಮೇಲೆ ಅವರ ಸಾಲೂ ಉಳಿಯಿತು, ಎಲ್ಲ ಹಸಿರುಗಳ ನಡುವೆ ಮೊದಲಿಂದ ಕೊನೆಯವರೆಗೆ ಕೆಂಪು. ಬಂದವರೆಲ್ಲ ಅದರ ಮೇಲೆ ಕಣ್ಣು ಹಾಯಿಸುವರು, ಕೆಲವರು ಮೂಗು ಮುರಿಯುವರು.

ಮುಂದಿನ ಶನಿವಾರ ಗಣಿತದ ಮೇಷ್ಟ್ರು ಅವರ ಹತ್ತಿರ ಬಂದು ದನಿ ತಗ್ಗಿಸಿದರು. ಈ ಸಲ ರೇಗಿಸುವ ಮಾತಿರಲಿಲ್ಲ. “ಟೀಚರ್, ಇನ್ನೊಂದು ಸಲ ಮೇಡಂ ಬಂದ್ರೆ ಕಷ್ಟ. ನೀವೇನೂ ಮಾಡ್ಬೇಡಿ, ಮನೆಗೆ ಹೋಗಿ. ನನ್ನ ಪಾಠದ ಜೊತೆ ನಿಮ್ದೂ ಓಡಿಸಿಬಿಡ್ತೀನಿ. ದೇವರಾಣೆ ಯಾರಿಗೂ ಗೊತ್ತಾಗಲ್ಲ.”

“ದೇವರಿಗೆ ಗೊತ್ತಾಗತ್ತಲ್ಲ ಮೇಷ್ಟ್ರೇ” ಎಂದರು ನಿಲ್ಸು ಟೀಚರ್. ಆಮೇಲೆ ಬಾಗಿಲ ಪಕ್ಕದ ಕುರ್ಚಿಯ ಆ ಮೆತ್ತನೆಯ ಹೆಂಗಸು ಬೆರಳೆತ್ತಿ ಎಚ್ಚರಿಸಿದರು. “ನಿಮ್ಮ ಹಸಿರು ನೀವು ಮಾಡ್ಕೊಳ್ಳಿ. ನನ್ನ ಕೆಂಪಿಗೆ ಕೈ ಹಾಕಿದ್ರೆ ಮಾತ್ರ ನಾನು ಸುಮ್ನಿರಲ್ಲ.”